ಹಲ್ಲಿಯಾದ ಕ್ಯಾಪ್ಟನ್: ‘ಥ್ರೆಶೋಲ್ಡ್’ ಕಂತಿನ ಜಗಳ, ಒಂದು ಪ್ರಕರಣ ಅಧ್ಯಯನ

ಬಾಹ್ಯಾಕಾಶ ನೌಕೆಗಳ ಕಥೆ ಹೇಳುವ ಅಮೆರಿಕನ್ ಟಿವಿ ಸರಣಿಗಳ ಮಾಲೆ ಸ್ಟಾರ್ ಟ್ರೆಕ್ ನೋಡುವ ನಾಲ್ಕು ಜನ ಒಂದು ಕಡೆ ಸೇರಿದರೆ, ಅತ್ಯುತ್ತಮ ಕಂತು ಯಾವುದು ಅನ್ನುವ ಮಾತು ಬೇಗ ಮುಗಿದುಹೋಗುತ್ತದೆ. ಬರುವ ಹೆಸರುಗಳು ಹೆಚ್ಚುಕಮ್ಮಿ ಅವೇ. ಅತಿ ಕೆಟ್ಟ ಕಂತು ಯಾವುದು ಅಂತ ಕೇಳಿ ನೋಡಿ. ಬೆಳಗಾದರೂ ಯಾರೂ ಏಳುವುದಿಲ್ಲ.

ಒಬ್ಬರು 1968ರ ‘ಸ್ಪಾಕ್ಸ್ ಬ್ರೇನ್’ ಅನ್ನುತ್ತಾರೆ. ಅದರಲ್ಲಿ ನೌಕೆಯ ಅಧಿಕಾರಿ ಸ್ಪಾಕ್‌ನ ಮಿದುಳನ್ನೇ ಕದ್ದೊಯ್ಯುತ್ತಾರೆ. ಅವನ ದೇಹವನ್ನು ರಿಮೋಟ್‌ನಿಂದ ನಡೆಸಿಕೊಂಡು ಗೆಳೆಯರು ಮಿದುಳು ಹುಡುಕಲು ಹೊರಡುತ್ತಾರೆ. ಇನ್ನೊಬ್ಬರು 1989ರ ‘ಶೇಡ್ಸ್ ಆಫ್ ಗ್ರೇ’ ಅನ್ನುತ್ತಾರೆ. ಅದು ಹಳೆಯ ಕಂತುಗಳ ತುಣುಕುಗಳನ್ನು ಅಂಟಿಸಿ ಸೀಸನ್ ಮುಗಿಸಿದ ಕಂತು. ಮತ್ತೊಬ್ಬರಿಗೆ 2005ರಲ್ಲಿ ಬಂದ ‘ಎಂಟರ್‌ಪ್ರೈಸ್’ ಸರಣಿಯ ಕೊನೆಯ ಕಂತಿನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ಇವರೆಲ್ಲರ ಪಟ್ಟಿಯಲ್ಲೂ ತಪ್ಪದೆ ಬರುವ ಒಂದು ಹೆಸರಿದೆ. ಅದು ‘ವಾಯೇಜರ್’ ಸರಣಿಯ ‘ಥ್ರೆಶೋಲ್ಡ್’, 1996ರ ಜನವರಿ 29ರಂದು ಪ್ರಸಾರವಾದ ಕಂತು. ಕ್ಯಾಪ್ಟನ್ ಮತ್ತು ಪೈಲಟ್ ಇಬ್ಬರೂ ಹಲ್ಲಿಯಂಥ ಪ್ರಾಣಿಗಳಾಗಿ ಮರಿ ಹಾಕುವ ಕಂತು ಅಂದರೆ ನೋಡದವರಿಗೂ ಗೊತ್ತಾಗುತ್ತದೆ.

ಈ ಒಂದು ಕಂತಿನ ಜಗಳವನ್ನು ಇಲ್ಲಿ ಬಿಡಿಸಿ ನೋಡುತ್ತಿದ್ದೇನೆ. ಇದನ್ನು ಬೈಯುವವರು ಎಲ್ಲರೂ ಒಂದೇ ಕಾರಣಕ್ಕೆ ಬೈಯುತ್ತಿಲ್ಲ. ಒಬ್ಬರ ಆರೋಪಕ್ಕೆ ಇನ್ನೊಬ್ಬರು ಉತ್ತರ ಕೊಟ್ಟರೆ ಮೂರನೆಯವರು ಬೇರೆಯದೇ ಆರೋಪ ತರುತ್ತಾರೆ. ಹಾಗಾಗಿ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಆರೋಪಗಳನ್ನು ಒಂದೊಂದಾಗಿ ಬೇರೆ ಮಾಡಿದರೆ ನನ್ನ ಲೆಕ್ಕದಲ್ಲಿ ಎರಡು ಮಾತ್ರ ನಿಲ್ಲುತ್ತವೆ. ಹಲ್ಲಿ ಅದರಲ್ಲಿಲ್ಲ.

ಹಿನ್ನೆಲೆ

‘ವಾಯೇಜರ್’ ಶುರುವಾದದ್ದು 1995ರ ಜನವರಿ 16ರಂದು. ಯುಪಿಎನ್ ಅನ್ನುವ ಹೊಸ ಅಮೆರಿಕನ್ ಚಾನೆಲ್ ಶುರುವಾದದ್ದೂ ಅವತ್ತೇ, ಈ ಸರಣಿಯಿಂದಲೇ. ಕಥೆಯ ಮೂಲ ಸರಳ. ಒಂದು ನೌಕೆ ಏಕಾಏಕಿ ಗೆಲಾಕ್ಸಿಯ ಆಚೆ ಮೂಲೆಗೆ ಎಸೆಯಲ್ಪಡುತ್ತದೆ. ಮನೆ 70,000 ಜ್ಯೋತಿರ್ವರ್ಷ ದೂರ. ಇರುವ ವೇಗದಲ್ಲಿ ಹೋದರೆ 75 ವರ್ಷ ಬೇಕು. ನೌಕೆಯಲ್ಲಿ ಇರುವವರು ಸುಮಾರು 150 ಜನ, ನಾಯಕಿ ಕ್ಯಾಪ್ಟನ್ ಕ್ಯಾಥರಿನ್ ಜೇನ್‌ವೇ. ಸ್ಟಾರ್ ಟ್ರೆಕ್ ಟಿವಿ ಸರಣಿಯೊಂದರಲ್ಲಿ ಹೆಂಗಸು ಮುಖ್ಯ ಕ್ಯಾಪ್ಟನ್ ಆದದ್ದು ಅದೇ ಮೊದಲು. ಆ ಪಾತ್ರ ಮಾಡಿದವರು ಕೇಟ್ ಮಲ್ಗ್ರೂ.

ಇಡೀ ಸರಣಿ ನಿಂತಿರುವುದು ಆ 75 ವರ್ಷದ ಮೇಲೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ಥ್ರೆಶೋಲ್ಡ್’ ಬಂದದ್ದು ಎರಡನೇ ಸೀಸನ್‌ನ 15ನೇ ಕಂತಾಗಿ. ಆ ಸೀಸನ್‌ನಲ್ಲಿ ಒಟ್ಟು 26 ಕಂತು. ಇವತ್ತಿನ ಎಂಟು, ಹತ್ತು ಕಂತಿನ ಸೀಸನ್‌ಗಳನ್ನು ನೋಡುವವರಿಗೆ ಆ ಓಟ ಅರ್ಥವಾಗುವುದು ಕಷ್ಟ. ವಾರ ವಾರ ಮುಕ್ಕಾಲು ಗಂಟೆಯ ಒಂದು ಕಥೆ ಕೊಡಲೇಬೇಕು. ಚೆನ್ನಾಗಿ ಬರಲಿಲ್ಲ ಅಂತ ಪಕ್ಕಕ್ಕಿಡುವ ಹಾಗಿಲ್ಲ.

ಮೂಲ ಕಥೆ ಮೈಕಲ್ ಡಿ ಲೂಕಾ ಅವರದು, ಚಿತ್ರಕಥೆ ಬ್ರ್ಯಾನನ್ ಬ್ರಾಗಾ ಅವರದು, ನಿರ್ದೇಶನ ಅಲೆಕ್ಸಾಂಡರ್ ಸಿಂಗರ್. ಬ್ರಾಗಾ ಕೈ ಪಳಗದ ಬರಹಗಾರರೇನಲ್ಲ. ಒಂದೇ ದಿನ ಮತ್ತೆ ಮತ್ತೆ ಮರುಕಳಿಸುವ ‘ಕಾಸ್ ಅಂಡ್ ಎಫೆಕ್ಟ್’ ಕಂತನ್ನು 1992ರಲ್ಲಿ ಬರೆದವರು ಅವರೇ. ‘ವಾಯೇಜರ್’ಗಿಂತ ಮುಂಚಿನ ಸ್ಟಾರ್ ಟ್ರೆಕ್ ಸರಣಿ ‘ನೆಕ್ಸ್ಟ್ ಜನರೇಷನ್’ನ ಕೊನೆಯ ಕಂತು ‘ಆಲ್ ಗುಡ್ ಥಿಂಗ್ಸ್’ ಅನ್ನು ರೊನಾಲ್ಡ್ ಮೂರ್ ಜೊತೆ ಬರೆದು, ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯನ್ನೂ ಪಡೆದಿದ್ದರು. ಕೆಲಸ ಬಾರದವರು ಬರೆದದ್ದು ಅಂತ ತಳ್ಳಿಹಾಕುವ ದಾರಿ ಇಲ್ಲಿ ಮುಚ್ಚಿದೆ.

ಕಂತಿನಲ್ಲಿ ಆಗುವುದೇನು

ಮೊದಲ ದೃಶ್ಯದಲ್ಲೇ ಪೈಲಟ್ ಟಾಮ್ ಪ್ಯಾರಿಸ್ ಒಂದು ಶಟಲ್‌ನಲ್ಲಿ (ಪುಟ್ಟ ನೌಕೆಯಲ್ಲಿ) ಕೂತು ವೇಗ ಏರಿಸುತ್ತಿದ್ದಾನೆ. ಶಟಲ್ ಅದುರುತ್ತದೆ, ಎಂಜಿನ್‌ಗಳು ಕಿತ್ತುಹೋಗುತ್ತವೆ. ಮರುಕ್ಷಣ ಅವನು ಖಾಲಿ ಹೋಲೋಡೆಕ್‌ನ, ಅಂದರೆ ನಿಜದಂಥ ದೃಶ್ಯ ಸೃಷ್ಟಿಸುವ ಕೋಣೆಯ, ನೆಲದ ಮೇಲೆ. ಅದು ಸಿಮ್ಯುಲೇಷನ್. ನೀನು ಸತ್ತೆ ಅಂತ ಗೆಳೆಯರು ತಣ್ಣಗೆ ಹೇಳುತ್ತಾರೆ. ಒಳ್ಳೆಯ ಶುರು ಅಲ್ವಾ?

ಅವನು ಮುಟ್ಟಲು ಹೊರಟಿರುವುದು ವಾರ್ಪ್ 10 (ಬೆಳಕಿಗಿಂತ ಹೆಚ್ಚಿನ ವೇಗವನ್ನು ಇಲ್ಲಿ ವಾರ್ಪ್‌ನಲ್ಲಿ ಅಳೆಯುತ್ತಾರೆ). ಈ ಲೋಕದಲ್ಲಿ ಅದು ಬರೀ ಇನ್ನೊಂದು ಗೇರ್ ಅಲ್ಲ, ಅನಂತ ವೇಗ. ಆ ವೇಗದಲ್ಲಿ ಹೋಗುವವನು ಒಂದೇ ಹೊತ್ತಿಗೆ ವಿಶ್ವದ ಎಲ್ಲ ಜಾಗದಲ್ಲೂ ಇರುತ್ತಾನೆ. ವಾರ್ಪ್ ಎಂಜಿನ್‌ಗೆ ಬೇಕಾದ ಡೈಲಿಥಿಯಂ ಹರಳಿನ ಹೊಸ ಬಗೆಯೊಂದು ಸಿಕ್ಕಿದ್ದರಿಂದ ಅದು ಸಾಧ್ಯ ಅಂತ ಇವರಿಗೆ ಅನಿಸಿದೆ. ಹಾರಾಟಕ್ಕೆ ಮುಂಚೆ ನೌಕೆಯ ಡಾಕ್ಟರ್ (ಅವನು ಮನುಷ್ಯನಲ್ಲ, ಕಂಪ್ಯೂಟರ್ ಮೂಡಿಸಿದ ಹೋಲೋಗ್ರಾಮ್) ಒಂದು ತಕರಾರು ಎತ್ತುತ್ತಾನೆ. ಪ್ಯಾರಿಸ್‌ಗೆ ಮಿದುಳಿನಲ್ಲಿ ರಕ್ತಸ್ರಾವ ಆಗುವ ಸಾಧ್ಯತೆ ಶೇ. 2ರಷ್ಟಿದೆ. ಕ್ಯಾಪ್ಟನ್ ಅವನ ಬದಲು ಬೇರೆಯವರನ್ನು ಕಳಿಸಲು ಹೊರಡುತ್ತಾಳೆ. ಅವನು ಅವಳ ಕೋಣೆಗೆ ಹೋಗಿ ಬೇಡಿಕೊಳ್ಳುತ್ತಾನೆ. ಚಿಕ್ಕಂದಿನಿಂದ ಎಲ್ಲರೂ ತನ್ನಿಂದ ದೊಡ್ಡದೇನೋ ನಿರೀಕ್ಷಿಸಿದ್ದರು, ತಾನು ಬರೀ ನಿರಾಸೆ ಕೊಟ್ಟೆ, ಇದೊಂದು ಅವಕಾಶ ಅನ್ನುತ್ತಾನೆ. ಅಡ್ಮಿರಲ್‌ನ ಮಗ, ಜೈಲು ನೋಡಿ ಬಂದವನು. ಆ ಮಾತು ಅವನ ಬಾಯಲ್ಲಿ ನಿಜವಾಗಿ ಕೇಳುತ್ತದೆ. ಕೊನೆಗೆ ಕ್ಯಾಪ್ಟನ್ ಒಪ್ಪುತ್ತಾಳೆ. ಆರ್ವಿಲ್ ರೈಟ್, ನೀಲ್ ಆರ್ಮ್‌ಸ್ಟ್ರಾಂಗ್, ವಾರ್ಪ್ ಕಂಡುಹಿಡಿದ ಜೆಫ್ರಮ್ ಕಾಕ್ರನ್, ಇವರ ಸಾಲಿಗೆ ನೀನೂ ಸೇರುತ್ತೀಯ ಅನ್ನುತ್ತಾಳೆ.

ಅವನು ಹಾರುತ್ತಾನೆ, ಮಾಯವಾಗುತ್ತಾನೆ, ತಿರುಗಿ ಬರುತ್ತಾನೆ. ಬಂದವನು ಹೇಳುವುದೂ ಮೈ ಜುಮ್ಮೆನ್ನಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ನೋಡಿದೆ, ಮನೆಯಲ್ಲೂ ಇದ್ದೆ, ಬೇರೆ ಗೆಲಾಕ್ಸಿಗಳಲ್ಲೂ ಇದ್ದೆ ಅನ್ನುತ್ತಾನೆ.

ಇಲ್ಲಿಯವರೆಗೆ ಯಾರದ್ದೂ ಹೆಚ್ಚು ತಕರಾರಿಲ್ಲ. ಕಂತನ್ನು ಬೈಯುವವರನ್ನೂ ಕೂರಿಸಿ ತೋರಿಸಿ, ಈ ಭಾಗಕ್ಕೆ ಸುಮ್ಮನೆ ತಲೆಯಾಡಿಸುತ್ತಾರೆ.

ಆಮೇಲೆ ಪ್ಯಾರಿಸ್ ಕಾಫಿ ಕುಡಿದು ಕುಸಿಯುತ್ತಾನೆ. ಅವನ ಮೈಗೆ ನೀರೇ ಆಗಿಬರುತ್ತಿಲ್ಲ. ಉಸಿರಾಡುವ ಗಾಳಿಯೂ ವಿಷವಾಗುತ್ತದೆ. ಸಾಯುತ್ತಾನೆ. ರಾತ್ರಿ ಎದ್ದು ಕೂರುತ್ತಾನೆ, ಈಗ ಎರಡು ಹೃದಯ. ಕೂದಲು ಉದುರುತ್ತದೆ, ಚರ್ಮ ಬಣ್ಣ ಕಳೆದುಕೊಳ್ಳುತ್ತದೆ. ಒಂದು ದೃಶ್ಯದಲ್ಲಿ ತನ್ನ ನಾಲಿಗೆಯನ್ನು ತಾನೇ ಕಿತ್ತು ಕೈಯಲ್ಲಿ ಹಿಡಿದು ನೋಡುತ್ತಾನೆ. ಇದು ಮಾನವಕುಲದ ಮುಂದಿನ ವಿಕಾಸ, ಅದು ಇವನೊಬ್ಬನ ಮೈಯಲ್ಲಿ ಓಡೋಡಿ ನಡೆಯುತ್ತಿದೆ ಅನ್ನುವುದು ಡಾಕ್ಟರ್‌ನ ತೀರ್ಮಾನ.

ಪ್ಯಾರಿಸ್ ಚಿಕಿತ್ಸೆಯ ನಡುವೆ ತಪ್ಪಿಸಿಕೊಂಡು, ಕ್ಯಾಪ್ಟನ್‌ಳನ್ನು ಹೊತ್ತೊಯ್ದು, ಮತ್ತೆ ವಾರ್ಪ್ 10ಕ್ಕೆ ಹಾರುತ್ತಾನೆ. ಮೂರು ದಿನದ ಮೇಲೆ ಒಂದು ಜೌಗು ಗ್ರಹದಲ್ಲಿ ನೌಕೆಯ ಅಧಿಕಾರಿಗಳಾದ ಚಕೋಟೇ ಮತ್ತು ಟೂವಾಕ್‌ಗೆ ಎರಡು ದೊಡ್ಡ ಸಾಲಮ್ಯಾಂಡರ್‌ಗಳು (ಹಲ್ಲಿಯಂತೆ ಕಾಣುವ ಉಭಯವಾಸಿಗಳು) ಸಿಗುತ್ತವೆ, ಪಕ್ಕದಲ್ಲಿ ಮೂರು ಮರಿ. ಮರಿಗಳು ನೀರಿಗೆ ಜಾರಿಹೋಗುತ್ತವೆ. ಅವನ್ನು ಅಲ್ಲೇ ಬಿಟ್ಟು ದೊಡ್ಡವೆರಡನ್ನು ತರುತ್ತಾರೆ. ಡಾಕ್ಟರ್ ಚಿಕಿತ್ಸೆ ಕೊಟ್ಟು ಮನುಷ್ಯರನ್ನಾಗಿ ಮಾಡುತ್ತಾನೆ. ಸಿಕ್‌ಬೇಯಲ್ಲಿ, ಅಂದರೆ ನೌಕೆಯ ಆಸ್ಪತ್ರೆಯಲ್ಲಿ, ಅಕ್ಕಪಕ್ಕದ ಹಾಸಿಗೆಯಲ್ಲಿ ಕೂತು ಇಬ್ಬರೂ ಒಂದೆರಡು ಮಾತಾಡುತ್ತಾರೆ. ಕಂತು ಮುಗಿಯುತ್ತದೆ.

ವಿಜ್ಞಾನದ ಆರೋಪ

ಎಲ್ಲರೂ ಮೊದಲು ಎತ್ತುವುದು ಇದನ್ನೇ. ಆರೋಪ ನೂರಕ್ಕೆ ನೂರು ನಿಜ. ಒಬ್ಬ ವ್ಯಕ್ತಿ ವಿಕಾಸ ಹೊಂದುವುದಿಲ್ಲ. ಒಂದು ಜೀವಿಗಳ ಗುಂಪು ತಲೆಮಾರುಗಳಲ್ಲಿ ಬದಲಾಗುತ್ತದೆ. ಯಾವ ಗುಣ ಉಳಿಯುತ್ತದೆ ಅನ್ನುವುದು ಆಗಿನ ಪರಿಸರಕ್ಕೆ ಬಿಟ್ಟದ್ದು. ಮುಂದಿನ ಲಕ್ಷ ವರ್ಷದ ರೂಪ ಇವತ್ತಿನ ಡಿಎನ್‌ಎಯಲ್ಲಿ ಮೊದಲೇ ಬರೆದಿಟ್ಟು ಕಾದು ಕೂತಿರುವುದಿಲ್ಲ. ಹಾಗಾಗಿ ಅದನ್ನು ‘ವೇಗವಾಗಿ ಓಡಿಸುವ’ ಮಾತಿಗೇ ಅರ್ಥವಿಲ್ಲ.

ಬ್ರಾಗಾ ಆಮೇಲೆ ಹೇಳಿಕೊಂಡ ಪ್ರಕಾರ ಅವರ ತಲೆಯಲ್ಲಿದ್ದ ವಿಚಾರ ಅಷ್ಟು ಪೆದ್ದಾಗಿರಲಿಲ್ಲ. ವಿಕಾಸ ಅಂದರೆ ದೊಡ್ಡ ತಲೆ, ದೊಡ್ಡ ಬುದ್ಧಿ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ, ಅದು ಸರಳ ಜೀವಿಯ ಕಡೆಗೂ ಹೋಗಬಹುದು ಅಂತ ತೋರಿಸಬೇಕಿತ್ತಂತೆ. ಅದು ಸರಿಯಾದ ಮಾತೇ. ಆದರೆ ಆ ವಿಚಾರ ತೆರೆಗೆ ಬರಲೇ ಇಲ್ಲ, ಕೆಸರಲ್ಲಿ ತೆವಳುವ ಹಲ್ಲಿಗಳು ಮಾತ್ರ ಉಳಿದವು ಅಂತ ಅವರೇ ಒಪ್ಪಿಕೊಂಡಿದ್ದಾರೆ.

ವಿಜ್ಞಾನದ ತಪ್ಪಿಗೆ ಅಭಿಮಾನಿಗಳು ನಿಜವಾಗಿ ಸಿಟ್ಟಾಗುತ್ತಾರಾ? ನನಗೆ ಅನುಮಾನ. ಯಾಕೆಂದರೆ ಎರಡೇ ವರ್ಷ ಮುಂಚೆ, 1994ರ ಮಾರ್ಚ್‌ನಲ್ಲಿ, ಇದೇ ಬ್ರಾಗಾ ‘ನೆಕ್ಸ್ಟ್ ಜನರೇಷನ್’ಗೆ ‘ಜೆನಿಸಿಸ್’ ಅನ್ನುವ ಕಂತು ಬರೆದಿದ್ದರು. ಅದರಲ್ಲಿ ಇಡೀ ನೌಕೆಯ ಸಿಬ್ಬಂದಿ ವಿಕಾಸದಲ್ಲಿ ಹಿಂದಕ್ಕೆ ಜಾರುತ್ತಾರೆ. ರೈಕರ್ ಆದಿಮಾನವನಾಗುತ್ತಾನೆ, ಟ್ರಾಯ್ ನೀರಲ್ಲಿ ಕೂರುವ ಉಭಯವಾಸಿಯಾಗುತ್ತಾಳೆ, ಬಾರ್ಕ್ಲೇ ಜೇಡವಾಗುತ್ತಾನೆ. ಮನುಷ್ಯನ ಪೂರ್ವಜರಲ್ಲಿ ಜೇಡ ಇರಲೇ ಇಲ್ಲ! ಅಲ್ಲಿನ ವಿಜ್ಞಾನ ‘ಥ್ರೆಶೋಲ್ಡ್’ಗಿಂತ ಒಂದು ಕೂದಲೂ ಮೇಲಲ್ಲ. ಅದನ್ನೂ ಗೇಲಿ ಮಾಡುತ್ತಾರೆ, ಆದರೆ ಕತ್ತಲ ಕಾರಿಡಾರ್‌ಗಳ ಹೆದರಿಕೆ ಚೆನ್ನಾಗಿದೆ ಅಂತ ಮೆಚ್ಚುವವರೂ ಬೇಕಾದಷ್ಟು ಸಿಗುತ್ತಾರೆ. ಒಂದೇ ಬರಹಗಾರ, ಒಂದೇ ಬಗೆಯ ತಪ್ಪು, ತೀರ್ಪು ಮಾತ್ರ ಬೇರೆ. ಅಂದಮೇಲೆ ಸಿಟ್ಟಿನ ಬೇರು ಬೇರೆಲ್ಲೋ ಇರಬೇಕು.

ಅಂಕಿಯ ಆರೋಪ

ಇದು ಲೆಕ್ಕ ಇಡುವ ಅಭಿಮಾನಿಗಳದು. ಬೇಗ ಮುಗಿಸಿಬಿಡೋಣ. 1960ರ ದಶಕದ ಮೂಲ ಸರಣಿಯಲ್ಲಿ ವಾರ್ಪ್ 10 ಅನಂತವೇನೂ ಆಗಿರಲಿಲ್ಲ. 1969ರ ಒಂದು ಕಂತಿನಲ್ಲಿ ನೌಕೆ ವಾರ್ಪ್ 14 ದಾಟಿತ್ತು. 1987ರಲ್ಲಿ ‘ನೆಕ್ಸ್ಟ್ ಜನರೇಷನ್’ ಮಾಡುವಾಗ ಅಳತೆಯನ್ನೇ ಬದಲಿಸಿ, 10ನ್ನು ಯಾರೂ ಮುಟ್ಟಲಾಗದ ಗಡಿ ಮಾಡಿದರು. ಆ ಹೊಸ ಅಳತೆಯಲ್ಲಿ ವಾರ್ಪ್ 9 ಅಂದರೆ ಬೆಳಕಿನ 1,516 ಪಟ್ಟು. ಆದರೆ 1994ರ ‘ಆಲ್ ಗುಡ್ ಥಿಂಗ್ಸ್’ನಲ್ಲಿ ಭವಿಷ್ಯದ ನೌಕೆ ವಾರ್ಪ್ 13ರಲ್ಲಿ ಓಡುತ್ತದೆ. ಬರೆದವರಲ್ಲಿ ಒಬ್ಬರು, ಹೌದು, ಬ್ರಾಗಾ. ಆ ಹೊತ್ತಿಗೆ ಅಳತೆ ಮತ್ತೆ ಬದಲಾಗಿರಬೇಕು ಅನ್ನುವುದು ಸಮರ್ಥಿಸುವವರ ಉತ್ತರ. ಆಗಿರಬಹುದು. ಈ ಜಗಳದಲ್ಲಿ ಮಜಾ ಇದೆ, ಆದರೆ ಇದಕ್ಕಾಗಿ ಒಂದು ಕಂತು ಕುಖ್ಯಾತವಾಗುವುದಿಲ್ಲ.

ಮನೆಯ ಬಾಗಿಲು

ನನ್ನ ಪ್ರಕಾರ ಪ್ರಕರಣದ ಹೃದಯ ಇದು.

ವಾರ್ಪ್ 10ರಲ್ಲಿ ಎಲ್ಲಿಗೆ ಬೇಕಾದರೂ ಕ್ಷಣದಲ್ಲಿ ಹೋಗಬಹುದು. ಅಡ್ಡಪರಿಣಾಮ ಹಲ್ಲಿಯಾಗುವುದು. ಆದರೆ ಅದನ್ನು ಡಾಕ್ಟರ್ ವಾಸಿ ಮಾಡಿ ತೋರಿಸಿದ್ದಾನೆ, ಒಬ್ಬರಲ್ಲ, ಇಬ್ಬರನ್ನು. ಹಾಗಾದರೆ ಎಲ್ಲರೂ ಹಾರಿ ಮನೆ ಸೇರಿ, ಹಲ್ಲಿಯಾಗಿ, ಚಿಕಿತ್ಸೆ ತೆಗೆದುಕೊಳ್ಳಬಹುದಲ್ಲ? 75 ವರ್ಷದ ಪ್ರಯಾಣ ಅವತ್ತೇ ಮುಗಿಯಬೇಕಿತ್ತು. ಸರಣಿ ಮುಗಿದದ್ದು 2001ರ ಮೇನಲ್ಲಿ, ಇನ್ನೂ ಐದು ಸೀಸನ್ ಕಳೆದ ಮೇಲೆ. ಈ ಮಧ್ಯೆ ಯಾರೊಬ್ಬರೂ ಆ ಬಾಗಿಲ ಕಡೆ ತಿರುಗಿಯೂ ನೋಡುವುದಿಲ್ಲ.

ಇಬ್ಬರು ಅಭಿಮಾನಿಗಳು ಕೂತರೆ ಮಾತು ಹೆಚ್ಚುಕಮ್ಮಿ ಹೀಗೆ ಹೋಗುತ್ತದೆ:

“ಅಲ್ಲ ಮಾರಾಯ, ಹಾರ್‍ಬೇಕಿತ್ತು. ಇಳಿದ್ಮೇಲೆ ಒಂದೊಂದು ಇಂಜೆಕ್ಷನ್. ಮುಗೀತು.”

“ಯಾರು ಕೊಡ್ತಾರೆ ಇಂಜೆಕ್ಷನ್? ಎಲ್ಲರೂ ಹಲ್ಲಿ ಆಗಿರ್ತಾರೆ.”

“ಡಾಕ್ಟರ್ ಹೋಲೋಗ್ರಾಮ್ ಅಲ್ವಾ? ಅವನಿಗೇನೂ ಆಗಲ್ಲ.”

“ಅವನು ಸಿಕ್‌ಬೇ ಬಿಟ್ಟು ಆಚೆ ಬರೋ ಹಾಗಿಲ್ಲ. ನೂರೈವತ್ತು ಹಲ್ಲಿ ನೌಕೆ ತುಂಬಾ ಓಡಾಡ್ತಿದ್ರೆ ಹಿಡಿದು ತರೋರು ಯಾರು?”

ಈ ಕೊನೆಯ ಮಾತು ನಗು ತರಿಸಿದರೂ ಸರಿಯಾಗಿದೆ. ಡಾಕ್ಟರ್ ನೌಕೆಯ ತುಂಬ ಓಡಾಡಲು ಬೇಕಾದ ಮೊಬೈಲ್ ಎಮಿಟರ್ ಅವನಿಗೆ ಸಿಗುವುದು 1996ರ ನವೆಂಬರ್‌ನಲ್ಲಿ ಬಂದ ‘ಫ್ಯೂಚರ್ಸ್ ಎಂಡ್’ನಲ್ಲಿ. ‘ಥ್ರೆಶೋಲ್ಡ್’ ಹೊತ್ತಿಗೆ ಅವನು ಸಿಕ್‌ಬೇಯ ನಾಲ್ಕು ಗೋಡೆಯೊಳಗೇ. ಆದರೆ ಆರೋಪಿಸುವವರ ಮರುಪ್ರಶ್ನೆಯೂ ಬಲವಾಗಿದೆ. ಪ್ಯಾರಿಸ್ ಬದಲಾಗಲು ಸಮಯ ಹಿಡಿಯಿತು. ಭೂಮಿ ತಲುಪಿದ ಮರುಗಳಿಗೆಯಲ್ಲೇ ಚಿಕಿತ್ಸೆಯ ವಿವರವನ್ನು ಅಲ್ಲಿನ ವೈದ್ಯರಿಗೆ ಕಳಿಸಿಬಿಟ್ಟರೆ ಆಯಿತಲ್ಲ?

ಸಮರ್ಥಿಸುವವರ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಅಸ್ತ್ರ ಇನ್ನೊಂದಿದೆ. ಹೆಚ್ಚಿನವರು ಅದನ್ನು ಬಳಸುವುದೇ ಇಲ್ಲ. ಅದು ದಿಕ್ಕಿನ ಪ್ರಶ್ನೆ. ಪ್ಯಾರಿಸ್ ಮೊದಲ ಸಲ ಹಾರಿದಾಗ ಬಂದು ಬಿದ್ದದ್ದು ‘ವಾಯೇಜರ್’ ಹತ್ತಿರವೇ. ಎರಡನೇ ಸಲ ಬಿದ್ದದ್ದು ‘ವಾಯೇಜರ್’ ಮೂರು ದಿನದಲ್ಲಿ ತಲುಪಬಹುದಾದ ಒಂದು ಗ್ರಹದಲ್ಲಿ. ಎಲ್ಲ ಕಡೆ ಒಟ್ಟಿಗೆ ಇರುವುದು ಸುಲಭ, ಆದರೆ ಬೇಕಾದ ಜಾಗದಲ್ಲಿ ಇಳಿಯುವುದು ಹೇಗೆ ಅಂತ ಯಾರಿಗೂ ಗೊತ್ತಾಗಲಿಲ್ಲ ಅಂತ ಓದಿಕೊಳ್ಳಬಹುದು. ಹಾಗೆ ಓದಿದರೆ ಬಾಗಿಲು ತಾನಾಗಿ ಮುಚ್ಚುತ್ತದೆ.

ಆದರೆ ಅದನ್ನು ನಾವು ಓದಿಕೊಳ್ಳಬೇಕು. ಕಂತು ಹೇಳುವುದಿಲ್ಲ. ಯಾರಾದರೂ ಒಬ್ಬರು ಕೊನೆಯ ದೃಶ್ಯದಲ್ಲಿ, ಇಳಿಯುವ ಜಾಗ ನಮ್ಮ ಕೈಲಿಲ್ಲ ಕ್ಯಾಪ್ಟನ್, ಅಂದುಬಿಟ್ಟಿದ್ದರೆ ಸಾಕಿತ್ತು. ಐದು ಸೆಕೆಂಡ್ ಕೂಡ ಬೇಡ. ಈ ಒಂದು ಸಾಲು ಇಲ್ಲದ ಕಾರಣ, ಇಡೀ ಸರಣಿಯನ್ನು ಹೊತ್ತು ನಿಂತ ಕಂಬವನ್ನೇ ಈ ಕಂತು ಅಲ್ಲಾಡಿಸಿತು. ‘ಜೆನಿಸಿಸ್’ ತಪ್ಪಿಸಿಕೊಂಡದ್ದು ಇಲ್ಲೇ. ಅದರ ಜೇಡ ಎಷ್ಟೇ ಅಸಂಬದ್ಧವಾಗಿರಲಿ, ಮುಂದಿನ ಕಂತಿನ ಕಥೆಗೆ ಅದು ಅಡ್ಡ ಬರಲಿಲ್ಲ.

ಇದರ ಬಾಲ ಇನ್ನೂ ಉದ್ದ ಇದೆ. ಆ ಸೀಸನ್‌ನಲ್ಲಿ ಜೋನಸ್ ಅನ್ನುವ ಸಿಬ್ಬಂದಿಯೊಬ್ಬ ಗುಟ್ಟಾಗಿ ಕೇಝಾನ್ ಶತ್ರುಗಳಿಗೆ ಸುದ್ದಿ ಕಳಿಸುತ್ತಿರುತ್ತಾನೆ. ವಾರ್ಪ್ 10 ಹಾರಾಟದ ಮಾಹಿತಿಯನ್ನೂ ಕಳಿಸುತ್ತಾನೆ, ಇದೇ ಕಂತಿನಲ್ಲಿ, ನಮ್ಮ ಕಣ್ಣೆದುರೇ. ಅಷ್ಟು ದೊಡ್ಡ ಗುಟ್ಟು ಸಿಕ್ಕ ಕೇಝಾನ್‌ಗಳು ಏನು ಮಾಡಿದರು? ಏನೂ ಇಲ್ಲ. ಆ ಎಳೆ ಅಲ್ಲೇ ತುಂಡಾಯಿತು. ಫೆಬ್ರವರಿ 5ರಂದು ಬಂದ ಮುಂದಿನ ಕಂತು ‘ಮೆಲ್ಡ್’. ಟೂವಾಕ್ ಮತ್ತು ಒಬ್ಬ ಕೊಲೆಗಾರನ ಮನಸ್ಸು ಬೆಸೆದುಕೊಳ್ಳುವ ಕಥೆ, ಸೀಸನ್‌ನ ಒಳ್ಳೆಯ ಕಂತುಗಳಲ್ಲಿ ಒಂದು ಅಂತ ಬಹಳ ಜನ ಒಪ್ಪುತ್ತಾರೆ. ಅದರಲ್ಲಿ ಪ್ಯಾರಿಸ್ ಏನು ಮಾಡುತ್ತಿದ್ದಾನೆ? ಸಿಬ್ಬಂದಿಯನ್ನು ಸೇರಿಸಿಕೊಂಡು ಬೆಟ್ಟಿಂಗ್ ನಡೆಸುತ್ತಿದ್ದಾನೆ. ಹಿಂದಿನ ವಾರ ಇಡೀ ವಿಶ್ವವನ್ನು ಒಟ್ಟಿಗೆ ಕಂಡವನು, ಮೂರು ಮರಿಗಳ ತಂದೆ! ಆ ದಿನಗಳ ಅವನ ಉಡಾಫೆ ಗೂಢಚಾರನನ್ನು ಹಿಡಿಯಲು ಹೂಡಿದ ನಾಟಕ ಅಂತ ಆಮೇಲೆ ಗೊತ್ತಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಆದರೂ ವಿಶ್ವ ನೋಡಿದ ಗುರುತು ಅವನ ಮುಖದಲ್ಲಿ ಒಂದು ಕ್ಷಣಕ್ಕೂ ಕಾಣುವುದಿಲ್ಲ.

ರೀಸೆಟ್ ಬಟನ್ ಅಂತ ಅಭಿಮಾನಿಗಳು ಕರೆಯುವುದು ಇದನ್ನೇ. ಕಂತಿನ ಕೊನೆಗೆ ಎಲ್ಲ ಮೊದಲಿನಂತೆ. ‘ವಾಯೇಜರ್’ ಮೇಲಿನ ಹಳೆಯ ದೂರು ಇದು, ಬೇರೆ ಕಂತುಗಳಿಗೂ ಅನ್ವಯಿಸುತ್ತದೆ. ‘ಥ್ರೆಶೋಲ್ಡ್’ನಲ್ಲಿ ಒತ್ತಿದ ಸದ್ದು ಜಾಸ್ತಿ ಕೇಳಿಸಿತು, ಅಷ್ಟೆ.

ಕ್ಯಾಪ್ಟನ್‌ಳ ವಿಚಾರ

ಇನ್ನೊಂದು ಆರೋಪ ಬೇರೆ ಜಾತಿಯದು, ನನ್ನ ಕಣ್ಣಲ್ಲಿ ಹೆಚ್ಚು ಗಂಭೀರವಾದದ್ದು. ಇದನ್ನು ಎತ್ತುವವರಿಗೆ ವಾರ್ಪ್ 10 ಎಷ್ಟಾದರೂ ಇರಲಿ, ಚಿಂತೆಯಿಲ್ಲ.

ಜೇನ್‌ವೇಗೆ ಈ ಕಂತಿನಲ್ಲಿ ಆಗುವುದನ್ನು ಹಲ್ಲಿ ಬಿಟ್ಟು ಹೇಳಿ ನೋಡಿ. ಕೈಕೆಳಗಿನ ಅಧಿಕಾರಿಯೊಬ್ಬ ಅವಳನ್ನು ಪ್ರಜ್ಞೆ ತಪ್ಪಿಸಿ ಹೊತ್ತೊಯ್ಯುತ್ತಾನೆ. ಅವಳ ಒಪ್ಪಿಗೆ ಇಲ್ಲದೆ ಅವಳ ದೇಹ ಬದಲಾಗುತ್ತದೆ. ಅವಳು ಮರಿ ಹೆರುತ್ತಾಳೆ. ಆ ಮರಿಗಳನ್ನು ಏನು ಮಾಡಬೇಕು ಅಂತ ಬೇರೆಯವರು ನಿರ್ಧರಿಸುತ್ತಾರೆ. ಸ್ಟಾರ್ ಟ್ರೆಕ್ ಟಿವಿ ಸರಣಿಗಳ ಮೊದಲ ಮಹಿಳಾ ಮುಖ್ಯ ಕ್ಯಾಪ್ಟನ್ ಅಂತ ತಂದ ಪಾತ್ರಕ್ಕೆ, ಬಂದ ಒಂದು ವರ್ಷದಲ್ಲಿ.

ಕೊನೆಯ ದೃಶ್ಯ ಇದಕ್ಕೆ ಏನು ಮಾಡುತ್ತದೆ? ಪ್ಯಾರಿಸ್ ಮುಜುಗರದಿಂದ ಕ್ಷಮೆ ಕೇಳಲು ಹೊರಡುತ್ತಾನೆ. ಜೇನ್‌ವೇ ನಗುತ್ತಾ, ಮಕ್ಕಳು ಆಗಬೇಕು ಅಂತ ಯೋಚಿಸಿದ್ದೆ, ನಿನ್ನ ಜೊತೆ ಅಂತ ಮಾತ್ರ ಯೋಚಿಸಿರಲಿಲ್ಲ ಅನ್ನುತ್ತಾಳೆ. ಅದು ನಿನ್ನದೇ ಯೋಚನೆ ಅಂತ ಯಾಕೆ ಅಂದುಕೊಂಡೆ, ಕೆಲವು ಪ್ರಾಣಿಗಳಲ್ಲಿ ಹೆಣ್ಣೇ ಮುಂದಾಗುತ್ತದೆ ಅಂತಲೂ ಸೇರಿಸುತ್ತಾಳೆ. ಮೊದಲ ಹಾರಾಟಕ್ಕಾಗಿ ಅವನಿಗೆ ಪ್ರಶಂಸೆಯನ್ನೂ ಶಿಫಾರಸು ಮಾಡುತ್ತಾಳೆ.

ಇಲ್ಲಿ ಜಗಳ ಎರಡಾಗಿ ಒಡೆಯುತ್ತದೆ. ಒಂದು ಗುಂಪಿಗೆ ಈ ಮಾತು ಅಸಹ್ಯ. ಇಷ್ಟು ದೊಡ್ಡ ಅನ್ಯಾಯವನ್ನು ಬರಹಗಾರರು ಸಂತ್ರಸ್ತೆಯ ಬಾಯಿಂದಲೇ ಜೋಕ್ ಮಾಡಿಸಿ ಮುಚ್ಚಿಹಾಕಿದರು ಅನ್ನುತ್ತಾರೆ. ಇನ್ನೊಂದು ಗುಂಪಿಗೆ ಇದು ಜೇನ್‌ವೇ ಪಾತ್ರದ ಗಟ್ಟಿತನ. ಅವಳು ಸಂತ್ರಸ್ತೆಯಾಗಿ ಕೂರಲು ಒಪ್ಪುವುದಿಲ್ಲ, ಹುಡುಗನ ಮುಜುಗರವನ್ನೂ ತಾನೇ ಇಳಿಸುತ್ತಾಳೆ, ಮಾತಿನ ಹಿಡಿತ ಅವಳ ಕೈಯಲ್ಲೇ ಇದೆ ಅನ್ನುವುದು ಅವರ ಓದು. ಮಲ್ಗ್ರೂ ಆ ಸಾಲನ್ನು ಹೇಳುವ ರೀತಿ ಎರಡನೇ ಗುಂಪಿನ ಕಡೆಗಿದೆ. ಸಣ್ಣ ನಗು, ನೇರ ನೋಟ. ಕೇಳುತ್ತಿರುವವನೇ ಮುದುಡಿಕೊಳ್ಳುತ್ತಾನೆ.

ನಾನು ಮೊದಲ ಗುಂಪಿನ ಕಡೆ. ನಟಿ ದೃಶ್ಯವನ್ನು ಎತ್ತಿ ಹಿಡಿದಿದ್ದಾರೆ, ಅದು ನಿಜ. ಆದರೆ ಅಪಹರಣದ ಬಗ್ಗೆ ಒಂದು ಮಾತೂ ಇಲ್ಲದೆ ಪ್ರಶಂಸೆ ಕೊಟ್ಟು ಕಳಿಸುವುದು ಪಾತ್ರದ ಗಟ್ಟಿತನವಲ್ಲ. 45 ನಿಮಿಷ ಮುಗಿಯುತ್ತಾ ಬಂತು ಅನ್ನುವ ಆತುರ. ಪ್ಯಾರಿಸ್‌ನ ಒಳತೋಟಿಗೆ ಅರ್ಧ ಕಂತು ಕೊಟ್ಟವರು ಜೇನ್‌ವೇಗೆ ಎರಡು ಜೋಕ್ ಕೊಟ್ಟರು.

ಪರವಾಗಿ

ಈ ಕಂತಿಗೆ ಎಮ್ಮಿ ಪ್ರಶಸ್ತಿ ಬಂದಿದೆ. ಬೈಯುವವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. 1996ರಲ್ಲಿ ಸರಣಿಗಳ ವಿಭಾಗದಲ್ಲಿ ಮೇಕಪ್‌ಗೆ. ಮೈಕಲ್ ವೆಸ್ಟ್‌ಮೋರ್ ಅವರ ತಂಡ ಪ್ಯಾರಿಸ್‌ನನ್ನು ಹಂತ ಹಂತವಾಗಿ ಕೆಡಿಸುತ್ತಾ ಹೋಗುವುದನ್ನು ನಿಧಾನವಾಗಿ ನೋಡಿ. ಮೊದಲು ಚರ್ಮದ ಮೇಲೆ ಕಲೆ, ಆಮೇಲೆ ಅಲ್ಲಲ್ಲಿ ಉದುರಿದ ಕೂದಲು, ಆಮೇಲೆ ಮಸುಕಾದ ಕಣ್ಣು. ಆ ಎಲ್ಲ ಅಂಟು, ಬಣ್ಣದ ಅಡಿಯಿಂದಲೂ ರಾಬರ್ಟ್ ಡಂಕನ್ ಮೆಕ್‌ನೀಲ್ ನಟಿಸುತ್ತಾರೆ. ಒಂದು ಕ್ಷಣ ಅಳು, ಮರುಕ್ಷಣ ಕ್ಯಾಪ್ಟನ್ ಮೇಲೆ ವಿಷದ ಮಾತು. ಸಾಯುತ್ತಿದ್ದೇನೆ ಅನ್ನುವ ಭಯ ಕಾಣುತ್ತದೆ.

ನಗುವೂ ಇದೆ, ಬೇಕೆಂದೇ ಇಟ್ಟ ನಗು. ಹಾರಾಟದಿಂದ ಬಂದ ಪ್ಯಾರಿಸ್ ಎಚ್ಚರವಿಲ್ಲದೆ ಮಲಗಿರುತ್ತಾನೆ. ಇವನನ್ನು ಎಬ್ಬಿಸಬಹುದಾ ಅಂತ ಕ್ಯಾಪ್ಟನ್ ಕೇಳುತ್ತಾಳೆ. ಅದಕ್ಕೇನಂತೆ, ಅನ್ನುತ್ತಾನೆ ಡಾಕ್ಟರ್. ಯಾವುದೋ ಉಪಕರಣ ಎತ್ತಿಕೊಳ್ಳುತ್ತಾನೆ ಅಂತ ನಾವು ಕಾದರೆ, ಬಗ್ಗಿ ಕಿವಿಯ ಹತ್ತಿರ ‘ಏಳಯ್ಯ ಲೆಫ್ಟಿನೆಂಟ್!’ ಅಂತ ಕಿರುಚುತ್ತಾನೆ. ರಾಬರ್ಟ್ ಪಿಕಾರ್ಡೊ ಅದನ್ನು ಮಾಡುವ ಗಂಭೀರ ಮುಖಕ್ಕೇ ಈ ಕಂತನ್ನು ಮತ್ತೆ ಹಾಕಿಕೊಳ್ಳುವವರಿದ್ದಾರೆ.

ಮತ್ತೆ ಹಾಕಿಕೊಳ್ಳುವುದು, ಅದೇ ಸಮರ್ಥಿಸುವವರ ಕೊನೆಯ ವಾದ. ‘ಶೇಡ್ಸ್ ಆಫ್ ಗ್ರೇ’ಯನ್ನು ಎರಡನೇ ಸಲ ನೋಡುವವರು ಯಾರು? ದುಡ್ಡು ಮುಗಿದ ಸೀಸನ್‌ಗೆ ಮೂರೇ ದಿನದ ಶೂಟಿಂಗ್‌ನಲ್ಲಿ ಕಟ್ಟಿದ ಕಂತು ಅದು. ಅದರ ಮೇಲೆ ಜಗಳವೂ ಹುಟ್ಟುವುದಿಲ್ಲ, ಯಾಕೆಂದರೆ ಜಗಳಕ್ಕೆ ಅದರಲ್ಲಿ ಸರಕೇ ಇಲ್ಲ. ಅತಿ ಕೆಟ್ಟದ್ದು ಯಾವುದು ಅಂತ ಅಭಿಮಾನಿಗಳ ಮತ ಕೇಳಿದಾಗ ಜನ ಬರೆಯುವುದು ನೆನಪಿನಲ್ಲಿ ಉಳಿದದ್ದನ್ನು. ಬೇಸರ ಹುಟ್ಟಿಸಿದ್ದು ನೆನಪಲ್ಲಿ ಉಳಿಯುವುದಿಲ್ಲ. ಹಲ್ಲಿ ಉಳಿಯುತ್ತದೆ.

ಇಲ್ಲವೇ ಇಲ್ಲ ಅನ್ನುವವರು

ಮೂರನೇ ಒಂದು ಬಣ ಇದೆ. ಕಂತು ಕೆಟ್ಟದ್ದೋ ಒಳ್ಳೆಯದೋ ಅನ್ನುವ ಗೋಜಿಗೇ ಹೋಗುವುದಿಲ್ಲ, ಅದು ನಡೆದೇ ಇಲ್ಲ ಅನ್ನುತ್ತಾರೆ. ಅವರ ಸಾಕ್ಷಿ 1997ರ ‘ಡೇ ಆಫ್ ಆನರ್’ ಕಂತು. ಅದರಲ್ಲಿ ಪ್ಯಾರಿಸ್, ತಾನು ಟ್ರಾನ್ಸ್‌ವಾರ್ಪ್ (ವಾರ್ಪ್‌ಗಿಂತಲೂ ವೇಗದ) ಸುರಂಗದಲ್ಲಿ ಯಾವತ್ತೂ ನೌಕೆ ನಡೆಸಿಲ್ಲ ಅನ್ನುತ್ತಾನೆ. ನೋಡಿ, ಬರೆದವರೇ ಅಳಿಸಿಹಾಕಿದ್ದಾರೆ ಅನ್ನುವುದು ಇವರ ವಾದ. ಎದುರಿನವರು ಒಪ್ಪುವುದಿಲ್ಲ. ಸುರಂಗವೇ ಬೇರೆ, ಅನಂತ ವೇಗವೇ ಬೇರೆ, ಅವನು ಹೇಳಿದ್ದು ಸುರಂಗದ ಮಾತು ಅನ್ನುತ್ತಾರೆ. ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಎದುರಿನವರೇ ಸರಿ.

ಈಗ ಆ ವಾದಕ್ಕೆ ಜೀವವೂ ಉಳಿದಿಲ್ಲ. 2023ರಲ್ಲಿ ‘ಲೋವರ್ ಡೆಕ್ಸ್’ ಅನ್ನುವ ಆನಿಮೇಷನ್ ಸರಣಿ ತನ್ನ ನಾಲ್ಕನೇ ಸೀಸನ್ನನ್ನು ‘ಟೂವಿಕ್ಸ್’ ಕಂತಿನಿಂದ ಶುರು ಮಾಡಿತು. ಅದರಲ್ಲಿ ‘ವಾಯೇಜರ್’ ಮ್ಯೂಸಿಯಂ ಆಗಿದೆ. ಪ್ರದರ್ಶನಕ್ಕಿಟ್ಟ ವಸ್ತುಗಳಲ್ಲಿ ಸಾಲಮ್ಯಾಂಡರ್‌ಗಳೂ ಇವೆ. ಅಲ್ಲಿಗೆ ಹಲ್ಲಿಗಳು ಅಧಿಕೃತ.

ನನ್ನ ತೀರ್ಪು

ವಿಜ್ಞಾನದ ಆರೋಪ ನಿಜ, ಆದರೆ ಅದಕ್ಕೆ ಶಿಕ್ಷೆ ಕೊಟ್ಟರೆ ಸ್ಟಾರ್ ಟ್ರೆಕ್‌ನಲ್ಲಿ ಉಳಿಯುವವರು ಕಡಿಮೆ. ಅಂಕಿಯ ಆರೋಪ ಬಿಟ್ಟುಬಿಡೋಣ. ಮುಚ್ಚದೆ ಬಿಟ್ಟ ಬಾಗಿಲು ಮತ್ತು ಜೇನ್‌ವೇಗೆ ಮಾಡಿದ ಅನ್ಯಾಯ, ಇವೆರಡು ನಿಲ್ಲುತ್ತವೆ. ಎರಡೂ ಬರವಣಿಗೆಯ ತಪ್ಪುಗಳು. ಎರಡೂ ಕೊನೆಯ ಹತ್ತು ನಿಮಿಷದಲ್ಲಿವೆ.

ಅಷ್ಟಾದರೂ ಇದು ಅತಿ ಕೆಟ್ಟ ಕಂತಲ್ಲ. ಆ ಜಾಗಕ್ಕೆ ನನ್ನ ಮತ ‘ನೆಕ್ಸ್ಟ್ ಜನರೇಷನ್’ ಸರಣಿಯ 1987ರ ಕಂತು ‘ಕೋಡ್ ಆಫ್ ಆನರ್’ಗೆ. ಒಂದು ಗ್ರಹದ ಜನರ ಪಾತ್ರಗಳಿಗೆಲ್ಲ ಕಪ್ಪು ನಟರನ್ನೇ ಹಾಕಿ, ಅವರನ್ನು ಹೆಣ್ಣು ಕದಿಯುವ ಬುಡಕಟ್ಟಾಗಿ ತೋರಿಸಿದ ಕಂತು ಅದು. ಆ ಸರಣಿಯ ನಟರೇ ಮುಂದೆ ಬಹಿರಂಗವಾಗಿ ಅದನ್ನು ಬೈದಿದ್ದಾರೆ. ಅದರ ತಪ್ಪು ಒಂದು ಸಾಲು ಸೇರಿಸಿದರೆ ಹೋಗುವಂಥದ್ದಲ್ಲ, ಕಥೆಯೇ ಆ ತಪ್ಪಿನ ಮೇಲೆ ನಿಂತಿದೆ. ಎರಡನೇ ಜಾಗ ‘ಶೇಡ್ಸ್ ಆಫ್ ಗ್ರೇ’ಗೆ. ‘ಥ್ರೆಶೋಲ್ಡ್’ ಅದರ ಕೆಳಗೆ ಎಲ್ಲೋ ಬರುತ್ತದೆ, ಅರ್ಧ ಕಂತಿನಷ್ಟು ಮರ್ಯಾದೆ ಉಳಿಸಿಕೊಂಡು.

ಇಷ್ಟು ಹೇಳಿದ ಮೇಲೂ ಒಪ್ಪದವರು ಇರುತ್ತಾರೆ. ಅವರು ಸಾಮಾನ್ಯವಾಗಿ ಕೇಳುವುದು ಆ ಮೂರು ಮರಿಗಳ ಬಗ್ಗೆ. ಅವು ಮನುಷ್ಯರ ಮಕ್ಕಳೋ ಅಲ್ಲವೋ, ಅವನ್ನು ಅಲ್ಲಿ ಬಿಟ್ಟುಬರಲು ಚಕೋಟೇಗೆ ಅಧಿಕಾರ ಕೊಟ್ಟವರು ಯಾರು, ಅನ್ಯಜೀವಿಗಳ ಬೆಳವಣಿಗೆಗೆ ಕೈ ಹಾಕಬಾರದು ಅನ್ನುವ ಪ್ರೈಮ್ ಡೈರೆಕ್ಟಿವ್ ನಿಯಮ ಒಂದು ಪರಗ್ರಹದ ಜೌಗಿನಲ್ಲಿ ಹೊಸ ಪ್ರಾಣಿಯನ್ನು ಬಿಡಲು ಒಪ್ಪುತ್ತದಾ? ಕೊನೆಯ ಪ್ರಶ್ನೆಗೆ ಇದುವರೆಗೆ ಯಾವ ಸಮರ್ಥಕನೂ ನೆಟ್ಟಗೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.